ಹಗೇವಿನ ಓಣಿಯ ದನಿ

ನಮ್ಮ ಊರಿನಲ್ಲಿ ದಿನಾ ಮಧ್ಯಾಹ್ನ ಕತ್ತಲಾಗುತ್ತದೆ. ಮೋಡ ಕವಿದ ಹಾಗಲ್ಲ, ಗ್ರಹಣದ ಹಾಗೂ ಅಲ್ಲ. ಸೂರ್ಯ ನೆತ್ತಿಗೆ ಬಂದು, ಹೆಂಗಸರು ಒಲೆಯ ಮೇಲೆ ಹಂಚಿಟ್ಟು ಇನ್ನೇನು ರೊಟ್ಟಿ ಬಡಿಯಬೇಕು ಅನ್ನುವ ಹೊತ್ತಿಗೆ, ಯಾರೋ ತಲೆಯ ಮೇಲೆ ಕೌದಿ ಎಳೆದ ಹಾಗೆ ಕಪ್ಪಾಗಿಬಿಡುತ್ತದೆ. ದೀಪ ಹಚ್ಚಿದರೆ ಕೈಗೆ ಬಿಸಿ ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಂದು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಾಗಿದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಬಿಸಿಲು ಬರುತ್ತದೆ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಚಿಕ್ಕವಳಿದ್ದಾಗ ನಮ್ಮಜ್ಜಿಯನ್ನು ಕೇಳಿದ್ದೆ. "ಮಳಿ ಯಾಕ ಮ್ಯಾಲಿಂದ ಬೀಳತೈತಿ, ಅದನ್ನ ಮೊದಲ ಹೇಳು" ಅಂದು ಕೈಗೆ ಹಿಟ್ಟಿನ ಉಂಡೆ ಕೊಟ್ಟಿದ್ದಳು.

ಕತ್ತಲು ಬಿದ್ದ ಕೂಡಲೇ ಎಲ್ಲರೂ ದನಿ ಕೊಡಬೇಕು. ಎಲ್ಲಿದ್ದೀಯೋ ಅಲ್ಲೇ ನಿಲ್ಲು, ನಿನ್ನ ಹೆಸರು ಹೇಳು, ನಿನ್ನ ಹತ್ತಿರ ಏನಿದೆ ಹೇಳು, ಬೆಳಕಾಗುವ ತನಕ ಹೇಳುತ್ತಿರು. "ನಾ ತಿಪ್ಪವ್ವ, ಇಲ್ಲಿ ಕಟ್ಟಿ ಐತಿ, ಆಡು ಕಟ್ಟೀನಿ, ಎಡವೀರಿ!" "ನಾ ಮೌಲಾಬಿ, ಬಾಗಲದಾಗ ಕುಂತೀನಿ, ಈ ಕಡೆ ಹಾದಿ ಛಲೋ ಐತಿ!" ನಾನು ಕಡಕ್ ರೊಟ್ಟಿ ಮಾಡಿ ಮಾರುವವಳು, ಹಾಗಾಗಿ ನನ್ನದು "ನಾ ರುದ್ರವ್ವ, ಒಲಿ ಉರೀತೈತಿ, ಒಳಗ ಬರಬ್ಯಾಡ್ರೀ!" ನನ್ನ ದನಿ ಸ್ವಲ್ಪ ಗಡಸು. ಕೇಳಿದವರು ಬೆಳಕಿನಲ್ಲೂ ಒಳಗೆ ಬರುವುದಿಲ್ಲ ಅಂತ ಓಣಿಯವರು ನಗುತ್ತಿದ್ದರು. ಹಾಸಿಗೆ ಹಿಡಿದವರ ದನಿಯನ್ನು ಪಕ್ಕದ ಮನೆಯವರು ಕೊಡುತ್ತಿದ್ದರು. ಯಾರಾದರೂ ತೀರಿಕೊಂಡರೆ ಕೆಲವು ದಿನ ಅವರ ಕಟ್ಟೆಯ ಮೇಲೆ ಯಾರಾದರೂ ಕೂತು ಅವರ ಹೆಸರು ಹೇಳುತ್ತಿದ್ದರು, ಓಣಿಗೆ ರೂಢಿಯಾಗುವ ತನಕ. ಇದನ್ನೆಲ್ಲ ಯಾರು ಮಾಡಿದರು, ಯಾವಾಗ ಮಾಡಿದರು, ಯಾರಿಗೂ ಗೊತ್ತಿಲ್ಲ. ದನಿ ಕೊಡದಿದ್ದರೆ ಏನು ಶಿಕ್ಷೆ ಅಂತಲೂ ಗೊತ್ತಿರಲಿಲ್ಲ, ಯಾಕೆಂದರೆ ಕೊಡದೆ ಇದ್ದವರನ್ನು ನಾವು ಕಂಡಿರಲಿಲ್ಲ.

ನಮ್ಮ ಮನೆಯವರ ಹೆಸರು ಯಮನೂರಪ್ಪ. ಮೇಲಿನ ಓಣಿಯಲ್ಲಿ ಅವರದು ಹೊಲಿಗೆ ಅಂಗಡಿ. ಕತ್ತಲಲ್ಲಿ ಸೂಜಿಗೆ ದಾರ ಹೋಗುವುದಿಲ್ಲವಲ್ಲ, ಅದಕ್ಕೇ ಊರೆಲ್ಲ ಇದ್ದಲ್ಲೇ ಇರುವಾಗ ಈ ಮನುಷ್ಯ ಮಾತ್ರ ಎದ್ದು ಊಟಕ್ಕೆ ಮನೆಗೆ ಹೊರಡುವರು. ಕೈಯಲ್ಲಿ ಕೋಲಿಲ್ಲ. ಒಂದು ದನಿ ಬಿಟ್ಟು ಇನ್ನೊಂದು ದನಿ ಹಿಡಿದು ನಡೆದು ಬರುವರು. ಅವರು ದಾಟಿದ ಮನೆಯವರು ಮುಂದಿನ ಮನೆಗೆ ಕೇಳಲಿ ಅಂತ "ಯಮನೂರಣ್ಣ ದಾಟಿದಾ!" ಅಂತ ಕೂಗುವರು. ಆ ಕೂಗು ಮನೆಯಿಂದ ಮನೆಗೆ ನನ್ನ ಒಲೆಯ ತನಕ ಬರುವುದು. ಬಾವಿ ದಾಟಿದರು ಅಂದರೆ ಹಿಟ್ಟು ನಾದಲು ಕೂರುವುದು, ಹುಚ್ಚೀರಪ್ಪನ ಮೂಲೆ ದಾಟಿದರು ಅಂದರೆ ರೊಟ್ಟಿ ಹಂಚಿಗೆ. ಗಂಡನ ಹೆಸರು ಹೇಳಬಾರದು ಅನ್ನುವ ಶಾಸ್ತ್ರ ಬೇರೆ ಊರಿನ ಹೆಂಗಸರಿಗೆ. ನಾನು ಬಾಗಿಲಿಗೆ ಬಂದು "ಏ ಯಮನೂರಪ್ಪಾ, ಹೊಸ್ತಲಾ ಇಲ್ಲೈತಿ" ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. "ಬೆಳಕಿನ್ಯಾಗ 'ರೀ', ಕತ್ತಲದಾಗ 'ಏ'. ದಿನಾ ಇಷ್ಟು ಹೊತ್ತು ನೀನ ಗಂಡ, ನಾನ ಹೇಣತಿ" ಅಂತ ನಗುತ್ತಾ ಒಳಗೆ ಬರುವರು.

ಆ ಹಾದಿಯಲ್ಲಿ ಭಯದ ಜಾಗ ಒಂದೇ, ಹುಚ್ಚೀರಪ್ಪನ ಮನೆ ಮುಂದಿನ ಹಗೇವು. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಬಿದ್ದವನು ಕೈ ಚಾಚಿದರೂ ಮೇಲಿನ ಅಂಚು ಸಿಗುವುದಿಲ್ಲ. ಅದರ ಮುಚ್ಚುಗಲ್ಲು ಯಾವ ಕಾಲದಲ್ಲೋ ಒಡೆದು ಒಳಗೆ ಬಿದ್ದಿತ್ತು. ಇನ್ನೊಂದು ಕಲ್ಲು ಹಾಕಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಹುಚ್ಚೀರಪ್ಪ ಇದ್ದನಲ್ಲ! ಒಂಟಿ ಮನುಷ್ಯ, ಭಜನೆ ಹಾಡುವವನು, ಅವನ ದನಿ ಎದೆಯಿಂದ ಬರುತ್ತಿತ್ತು. "ನಾ ಹುಚ್ಚೀರಪ್ಪಾ, ಹಗೇವು ಐತೀ, ಗ್ವಾಡಿ ಹಿಡದು ಹೋಗ್ರೀ" ಅಂತ ರಾಗ ಎಳೆದು ಹೇಳಿದರೆ ಎಳೆಗೂಸುಗಳು ಅದನ್ನು ಕೇಳುತ್ತಾ ನಿದ್ದೆ ಹೋಗುತ್ತಿದ್ದವು.

ಇನ್ನು ಸರ್ಕಾರದ ಮಾತು. ನಮ್ಮಪ್ಪನ ಕಾಲದಲ್ಲಿ ಒಂದು ಕಚೇರಿ ಕಟ್ಟಿದ್ದರಂತೆ. ಬಂದ ಸಾಹೇಬರಿಗೆಲ್ಲ ಮಧ್ಯಾಹ್ನವಾದರೆ ಎದೆ ಹೊಡೆದುಕೊಳ್ಳುವುದು, ಒಬ್ಬೊಬ್ಬರಾಗಿ ವರ್ಗ ಮಾಡಿಸಿಕೊಂಡು ಹೋದರು. ಆಮೇಲೆ ಯಾರೂ ಬರಲಿಲ್ಲ. ಗೌಡಕಿಯ ಮನೆತನವೂ ಇರಲಿಲ್ಲ, ನ್ಯಾಯ ಹೇಳುವ ಪಂಚರೂ ಇರಲಿಲ್ಲ. ಹೇಳುವವರಿಲ್ಲ ಕೇಳುವವರಿಲ್ಲ ಅಂತ ಆಚೆಯ ಊರಿನವರು ನಮಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿದ್ದರು. ನಮಗೆ ಏನು ಕಡಿಮೆಯಾಗಿತ್ತು? ಬಾಗಿಲಿಗೆ ಚಿಲಕ ಇರಲಿಲ್ಲ, ಬೇಕೂ ಇರಲಿಲ್ಲ. ಜಗಳ ಆಡುತ್ತಿದ್ದೆವು, ಮಾತು ಬಿಡುತ್ತಿದ್ದೆವು, ಮತ್ತೆ ಮಧ್ಯಾಹ್ನ ಒಬ್ಬರಿಗೊಬ್ಬರು "ಎಡವೀ, ಹುಷಾರು" ಅನ್ನುತ್ತಿದ್ದೆವು. ಸರ್ಕಾರ ಇಲ್ಲದ್ದಕ್ಕೆ ಒಂದು ದಿನ ನನ್ನ ಒಲೆ ಆರಿದ್ದು ನಾನು ಕಾಣೆ.

ಕೆಟ್ಟದ್ದು ಶುರುವಾದದ್ದು ಒಂದು ಆಡಿನಿಂದ. ಹಿಂದಿನ ರಾತ್ರಿ ಬೆಳತನಕ ಭಜನೆ ಹಾಡಿ ಹುಚ್ಚೀರಪ್ಪನ ಗಂಟಲು ಕಟ್ಟಿಹೋಗಿತ್ತು. ಪಿಸುಮಾತೂ ಹೊರಡುತ್ತಿರಲಿಲ್ಲ. ಕತ್ತಲು ಬಿದ್ದಾಗ ಪಾಪ ಹಿತ್ತಾಳೆ ತಾಟು ಹಿಡಿದು ಚಮಚದಿಂದ ಬಡಿಯುತ್ತಾ ಕೂತ. ನಮ್ಮ ಮನೆಯವರು ಆ ಸದ್ದಿನ ಮೇಲೆಯೇ ಹಗೇವು ಬಳಸಿ ಬಂದು "ಹುಚ್ಚೀರಪ್ಪ ಇವತ್ತ ತಾಟಿನ ಭಜನಿ ಮಾಡಾಕ್ಹತ್ಯಾನ" ಅಂತ ಹೇಳಿ ಊಟಕ್ಕೆ ಕೂತರು. ಬೆಳಕು ಬಂದಾಗ ತಿಪ್ಪವ್ವನ ಕಟ್ಟೆಯ ಮೇಲೆ ಆಡು ಇರಲಿಲ್ಲ, ಹಗ್ಗದ ತುಂಡು ಮಾತ್ರ ಇತ್ತು. ತಿಪ್ಪವ್ವ ಬಾಯಿ ಬಡಿದುಕೊಂಡಳು. ಓಣಿ ನೆರೆಯಿತು. ಇವತ್ತು ಯಾರ ದನಿ ಕೇಳಲಿಲ್ಲ ಅಂತ ಯಾರೋ ಅಂದರು. ಎಲ್ಲರೂ ಹುಚ್ಚೀರಪ್ಪನ ಕಡೆ ನೋಡಿದರು.

ಅವನು ಗಂಟಲು ಮುಟ್ಟಿ ತೋರಿಸಿದ, ತಾಟು ಎತ್ತಿ ತೋರಿಸಿದ. "ತಾಟಿಗೆ ಹೆಸರಿರತೈತೇನು? ಯಾರ ಬಡದರೂ ಅದು ಹಂಗ ಸಪ್ಪಳ ಮಾಡತೈತಿ" ಅಂದಳು ತಿಪ್ಪವ್ವ. ಆ ಮಾತು ಎಲ್ಲರಿಗೂ ಸರಿ ಕಂಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ನಾಲ್ಕಾರು ಮಂದಿ ಅವನ ಮನೆ ಹೊಕ್ಕರು. ನಮ್ಮ ಊರಿನಲ್ಲಿ ಕೇಳದೆ ಒಬ್ಬರ ಮನೆ ಹೊಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಜೋಳದ ಬುಟ್ಟಿ ಬೋರಲು ಹಾಕಿದರು, ಹಾಸಿಗೆ ಕೊಡವಿದರು, ಒಲೆಯ ಬೂದಿ ಕೆದಕಿದರು. ಆಡು ಸಿಗಲಿಲ್ಲ. ಸಿಗದಿದ್ದರೆ ಏನಂತೆ, ದಾಟಿಸಿಬಿಟ್ಟಿರಬೇಕು ಅಂದರು. ಹುಚ್ಚೀರಪ್ಪ ಬಾಗಿಲ ಪಕ್ಕ ತಾಟು ಹಿಡಿದುಕೊಂಡೇ ನಿಂತಿದ್ದ.

ಎರಡು ದಿನ ಬಿಟ್ಟು ಆಡು ಸಿಕ್ಕಿತು. ಹಳೆ ಕಚೇರಿಯೊಳಗೆ ನುಗ್ಗಿತ್ತು, ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು, ಅಲ್ಲಿದ್ದ ರದ್ದಿ ಕಾಗದ ತಿಂದು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆದರೆ ಹುಚ್ಚೀರಪ್ಪನ ಹತ್ತಿರ ಹೋಗಿ ತಪ್ಪಾಯಿತು ಅಂದವರು ಒಬ್ಬರೂ ಇಲ್ಲ. "ನಾ ಬರೇ ಕೇಳೀನಿ, ಮನಿ ಹೊಕ್ಕವರು ಅವರು" ಅಂದಳು ತಿಪ್ಪವ್ವ. ಮನೆ ಹೊಕ್ಕವರು "ಆಕಿ ಬಾಯಿ ಮಾಡಿದ್ದಕ್ಕ ಹೋದ್ವಿ" ಅಂದರು. ಕೊನೆಗೆ ಅದು ಯಾರೂ ಮಾಡದ ಕೆಲಸ ಆಯಿತು.

ಆ ಸಂಜೆ ನಮ್ಮ ಮನೆಯವರು ಊಟಕ್ಕೆ ಕೂರಲಿಲ್ಲ. "ಒಬ್ಬರರ ಹೋಗಬೇಕಲ್ಲ ರುದ್ರಿ" ಅಂದರು. "ಊರ ಉಸಾಬರಿ ನಿಮಗ್ಯಾಕ? ನೀವೇನ ಅವನ ಮನಿ ಹೊಕ್ಕಿಲ್ಲಲ್ಲ" ಅಂದೆ. "ಊರ ಹೊಕ್ಕ ಮ್ಯಾಲೆ ನಾನೂ ಹೊಕ್ಕಂಗ" ಅಂದು ಚಪ್ಪಲಿ ಮೆಟ್ಟಿದರು. ಸಿಟ್ಟು ಬಂದರೂ ಹಿಂದೆ ಹೋದೆ. ಹುಚ್ಚೀರಪ್ಪ ನಮ್ಮನ್ನು ಕೂರಿಸಿ ಬೆಲ್ಲ ನೀರು ಕೊಟ್ಟ. ಅವನ ದನಿ ಅಷ್ಟಿಷ್ಟು ತಿರುಗಿ ಬಂದಿತ್ತು. "ಯಮನೂರಣ್ಣ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಆದರ ಇನ್ನ ನಾ ದನಿ ಕೊಡಂಗಿಲ್ಲ. ಒಂದ ದಿನಾ ಗಂಟಲು ಕಟ್ಟಿದ್ದಕ್ಕ ಕಳ್ಳ ಆದೆ. ಇನ್ನ ದಿನಾ ಬಾಯಿ ಮುಚ್ಕೊಂಡು ಕುಂದರತೀನಿ, ಏನ್ ಮಾಡತಾರೋ ನೋಡೇಬಿಡೂಣು" ಅಂದ.

ಏನು ಮಾಡಿದರು? ಏನೂ ಮಾಡಲಿಲ್ಲ. ಮಾಡಲು ಏನಾದರೂ ಇದ್ದರಲ್ಲವೇ! ಮರುದಿನ ಆ ಮೂಲೆಯಿಂದ ದನಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಯಾರೋ ಗೊಣಗಿದರು, ಯಾರೋ ಬೈದರು, ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ದನಿ ಕೊಡದಿದ್ದರೆ ಏನೂ ಆಗುವುದಿಲ್ಲ ಅನ್ನುವುದು ಊರಿಗೆ ಆಗ ಗೊತ್ತಾಯಿತು. ಇಷ್ಟು ದಿನ ಗೊತ್ತಿಲ್ಲದೆ ಚೆನ್ನಾಗಿದ್ದೆವು.

ಆಮೇಲೆ ತಿಪ್ಪವ್ವ ಸುಮ್ಮನಾದಳು. "ನಾ ಆಡಿನ ಹಂತೇಕ ಅದೀನಿ ಅಂತ ಕೂಗಿದ್ರ, ಆಡು ಎಲ್ಲೈತಿ ಅಂತ ಕಳ್ಳರಿಗೆ ನಾನ ಹೇಳಿದಂಗಾತಲ್ಲ?" ಅಂತ ನನ್ನನ್ನೇ ಕೇಳಿದಳು. "ಯಾವ ಕಳ್ಳರು? ನಿನ್ನ ಆಡು ಕಾಗದ ತಿನ್ನಾಕ ಹೋಗಿತ್ತಲ್ಲ ಮಾರಾಯ್ತಿ!" ಅಂದೆ. "ಆವಾಗ ಇರಲಿಲ್ಲ, ಈಗ ಬರತಾರ" ಅಂದಳು. ಅವಳ ಬಾಯಿಗೆ ಬೆಂಕಿ ಬೀಳಲಿ, ಹಾಗೆಯೇ ಆಯಿತು. ದನಿ ಇಲ್ಲದ ಜಾಗದಲ್ಲಿ ಯಾರು ಓಡಾಡಿದರೂ ಗೊತ್ತಾಗುವುದಿಲ್ಲವಲ್ಲ. ಮೊದಲು ಕೋಳಿ ಹೋದವು, ಆಮೇಲೆ ಮೌಲಾಬಿಯ ತಾಮ್ರದ ಹಂಡೆ ಹೋಯಿತು. ಹಂಡೆ ಹೋದವಳು ಮಾರನೆಯ ದಿನದಿಂದ ಬಾಗಿಲಲ್ಲಿ ಕೂರುವುದನ್ನು ಬಿಟ್ಟು, ಹೊಸದಾಗಿ ಅಗುಳಿ ಮಾಡಿಸಿ ಒಳಗಿನಿಂದ ಹಾಕಿಕೊಂಡಳು. ಒಬ್ಬೊಬ್ಬರ ಬಾಯಿ ಮುಚ್ಚಿದ ಹಾಗೆ ಪಕ್ಕದವರ ಬಾಯಿಯೂ ಮುಚ್ಚಿತು. ತಾನೊಬ್ಬ ಕೂಗಿ ತನ್ನ ಜಾಗ ತೋರಿಸಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

ನಮ್ಮ ಮನೆಯವರು ಮಾತ್ರ ಮಧ್ಯಾಹ್ನ ನಡೆದು ಬರುವುದನ್ನು ಬಿಡಲಿಲ್ಲ. "ದಾಟಿದಾ" ಅನ್ನುವ ಕೂಗು ನಿಂತುಹೋಗಿತ್ತು. ಅವರು ಎಲ್ಲಿದ್ದಾರೋ, ಬಾವಿಯ ಹತ್ತಿರವೋ ಹಗೇವಿನ ಹತ್ತಿರವೋ, ನನಗೆ ತಿಳಿಯುತ್ತಿರಲಿಲ್ಲ. ರೊಟ್ಟಿ ಬೇಗ ಮಾಡಿದರೆ ಆರುತ್ತಿತ್ತು, ತಡ ಮಾಡಿದರೆ ಅವರು ಕಾಯಬೇಕು. ರೊಟ್ಟಿಯ ಮಾತು ಬಿಡಿ, ಅವರು ಹೊಸ್ತಿಲಿಗೆ ಬರುವ ತನಕ ನನ್ನ ಜೀವ ಕೈಯಲ್ಲಿರುತ್ತಿತ್ತು. "ಅಂಗಡ್ಯಾಗ ಕುಂತು ಉಣ್ರಿ, ಬುತ್ತಿ ಕಟ್ಟಿಕೊಡತೀನಿ" ಅಂತ ಕಾಲು ಹಿಡಿದೆ. "ನಾನೂ ನಿಂತ್ರ ಆ ಹಾದಿಗೆ ಯಾರೂ ಇಲ್ಲದಂಗ ಆಗತೈತಿ. ಊರ ಅಷ್ಟೊಂದು ಕೆಟ್ಟಿಲ್ಲ ರುದ್ರಿ" ಅಂದರು. ಹಾದಿಯ ಉದ್ದಕ್ಕೂ ತಾವೇ ಗಟ್ಟಿಯಾಗಿ "ನಾ ಯಮನೂರಪ್ಪ, ಮನಿಗೆ ಹೊಂಟೀನಿ" ಅಂತ ಹೇಳಿಕೊಂಡು, ಗೋಡೆ ಸವರಿಕೊಂಡು ಬರುತ್ತಿದ್ದರು.

ಹಗೇವಿಗೆ ಕಲ್ಲು ಮುಚ್ಚೋಣ ಅಂತ ನಾನು ಮನೆಮನೆಗೆ ಹೋದೆ. ಹೌದವ್ವ, ಮುಚ್ಚಲೇಬೇಕು ಅಂತ ಎಲ್ಲರೂ ಅಂದರು. ದಿನ ಗೊತ್ತು ಮಾಡಿದೆವು. ಬೆಳಿಗ್ಗೆ ನಾನು, ನಮ್ಮ ಮನೆಯವರು ಇಬ್ಬರೇ ಹೋಗಿ ಚಪ್ಪಡಿಕಲ್ಲಿನ ಮುಂದೆ ನಿಂತದ್ದು. ಅದನ್ನು ಅಲ್ಲಾಡಿಸಲೂ ಆಗಲಿಲ್ಲ. ಆಮೇಲೆ ಕೇಳಿದರೆ ಒಬ್ಬರಿಗೆ ನೆಂಟರು ಬಂದಿದ್ದರು, ಒಬ್ಬರಿಗೆ ಸೊಂಟ ಹಿಡಿದಿತ್ತು, ಉಳಿದವರು ಬೇರೆಯವರು ಬರುತ್ತಾರೆ ಅಂದುಕೊಂಡಿದ್ದರು. ಹುಚ್ಚೀರಪ್ಪ ತನ್ನ ಬಾಗಿಲಿನಿಂದ ನಮ್ಮನ್ನು ನೋಡುತ್ತಿದ್ದ. ಎದ್ದು ಬರಬೇಕು ಅಂತ ಅವನ ಮುಖದಲ್ಲಿತ್ತು, ಆದರೆ ಬರಲಿಲ್ಲ.

ಕಳವು ನಿಲ್ಲದಾದಾಗ ಊರಿನವರೇ ಸೇರಿ ಅರ್ಜಿ ಕೊಟ್ಟು ಸರ್ಕಾರವನ್ನು ಕರೆಸಿದರು. ಸರ್ಕಾರ ಬಂತು. ಕಚೇರಿಗೆ ಸುಣ್ಣ ಬಳಿದರು, ಕಂಬ ನೆಟ್ಟರು. ಒಬ್ಬ ಸಾಹೇಬ, ಕೆಲವು ಪೊಲೀಸರು. ಸಾಹೇಬ ಒಳ್ಳೆಯ ಮನುಷ್ಯನೇ, ಸುಳ್ಳು ಯಾಕೆ ಹೇಳಲಿ. ಎಲ್ಲರನ್ನೂ ಕೂರಿಸಿ ಕೇಳಿದ: "ಈ ದನಿ ಕೊಡಬೇಕು ಅನ್ನುವ ನಿಯಮ ಮಾಡಿದ್ದು ಯಾರು?" ಯಾರೂ ಅಲ್ಲ ಅಂದೆವು. "ತಪ್ಪಿದರೆ ಏನು ದಂಡ ಇತ್ತು?" ಏನೂ ಇಲ್ಲ ಅಂದೆವು. "ಮತ್ತೆ ಇಷ್ಟು ವರ್ಷ ಹೇಗೆ ನಡೆಯಿತು? ಇದಕ್ಕೇ ಅರಾಜಕತೆ ಅನ್ನೋದು" ಅಂದ. ನಮ್ಮ ಮನೆಯವರು ಎದ್ದು ನಿಂತರು. "ಸಾಹೇಬ್ರ, ನೀವು ಹೇಳೂ ಆ ಅರಾಜಕತಿ ಇದ್ದಾಗ ನಾ ಕಣ್ಣು ಕಾಣದ ಹಾದ್ಯಾಗ ಕೋಲಿಲ್ಲದ ನಡದೀನ್ರಿ. ಈಗ ಆಗೇತಲ್ಲ, ಇದಕ್ಕ ನಿಮ್ಮ ಕಡೆ ಏನರ ಹೆಸರ ಐತೇನ್ರಿ?" ಸಾಹೇಬ ಅವರ ಮುಖ ನೋಡಿ, ಕೂತುಕೊಳ್ಳಿ ಅಂದ.

ಮಾರನೆಯ ದಿನ ಡಂಗುರ ಸಾರಿದರು, ಕತ್ತಲಲ್ಲಿ ದನಿ ಕೊಡದವರಿಗೆ ದಂಡ. ಮಧ್ಯಾಹ್ನ ಊರು ಮತ್ತೆ ಕೂಗಿತು! ನನಗೆ ಕಣ್ಣಲ್ಲಿ ನೀರೇ ಬಂತು. ಆಮೇಲೆ ಸ್ವಲ್ಪ ಕಿವಿ ಕೊಟ್ಟು ಕೇಳಿದೆ. ತಿಪ್ಪವ್ವ ಮೌಲಾಬಿಯ ಹೆಸರು ಕೂಗುತ್ತಿದ್ದಳು. ಮೌಲಾಬಿಯ ಗಂಡ ಯಾರೋ ಸತ್ತವರ ಹೆಸರು ಕೂಗುತ್ತಿದ್ದ. ದಂಡ ಇದ್ದದ್ದು ದನಿ ಕೊಡದಿದ್ದರೆ, ಹೆಸರು ನಿನ್ನದೇ ಆಗಿರಬೇಕು ಅಂತ ಡಂಗುರದವನು ಹೇಳಿರಲಿಲ್ಲ. ಕಟ್ಟೆಯಲ್ಲಿ ಕೂತವರು ಬಾವಿಯ ಹತ್ತಿರ ಇದ್ದೇನೆ ಅಂದರು, ಬಾವಿಯ ಹತ್ತಿರ ಇದ್ದವರು ಹಾದಿ ಛಲೋ ಐತಿ ಅಂದರು. ಸುಮ್ಮನಿದ್ದ ದಿನಗಳೇ ಎಷ್ಟೋ ವಾಸಿ. ಒಂದು ದಿನ ನಮ್ಮ ಬಾಗಿಲಲ್ಲೇ ನಿಂತು ಯಾರೋ, ಥೇಟು ಇವರದೇ ದನಿ, "ನಾ ಯಮನೂರಪ್ಪ, ಬಾಗಲಾ ತಗಿ" ಅಂದ. ಇವರ ಪಾದದ ಸದ್ದು ನನಗೆ ಗೊತ್ತಿಲ್ಲವೇ? "ಹೌದೇನು? ಹಂಚು ಕಾದೈತಿ, ಬಾ, ಮಾರಿಗೆ ಬಡೀತೀನಿ" ಅಂದೆ. ಹೆಜ್ಜೆ ಓಡಿಹೋದವು.

ಹಗೇವಿನ ವಿಷಯ ನಾನೇ ಕಚೇರಿಗೆ ಹೋಗಿ ಹೇಳಿದೆ. ಸಾಹೇಬ ಬರೆದುಕೊಂಡ. ಕೆಲವು ದಿನಕ್ಕೆ ಹಗೇವಿನ ಪಕ್ಕ ಒಂದು ಬೋರ್ಡು ಬಂತು. ಕೆಂಪು ಅಕ್ಷರದಲ್ಲಿ 'ಅಪಾಯ' ಅಂತ ದೊಡ್ಡದಾಗಿ ಬರೆದಿತ್ತು. ಕತ್ತಲಲ್ಲಿ ಬೀಳುವ ಗುಂಡಿಗೆ ಬೆಳಕಲ್ಲಿ ಓದುವ ಬೋರ್ಡು! ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಬಾಯಿಗೆ ಬಂದಂತೆ ಬೈದೆ. ಕಲ್ಲು ಬರುತ್ತದೆ, ಮಂಜೂರಿ ಆಗಬೇಕು ಅಂದರು.

ಕಲ್ಲು ಬರುವ ಮೊದಲೇ ಒಂದು ದಿನ ನಮ್ಮ ಮನೆಯವರು ಹೆಗಲ ಮೇಲೆ ಬಟ್ಟೆಯ ಗಂಟು ಹಾಕಿಕೊಂಡು ಹೊರಟಿದ್ದರಂತೆ. ಯಾರದೋ ಮದುವೆಗೆ ಹೊಲಿದ ಕುಬಸಗಳು, ಜೊತೆಗೆ ತಮ್ಮ ಕತ್ತರಿ. ಹುಚ್ಚೀರಪ್ಪನ ಮೂಲೆಯಲ್ಲಿ ಗೋಡೆ ಸವರಿಕೊಂಡು ಬರುತ್ತಿದ್ದಾಗ ಒಂದು ದನಿ ಕೇಳಿತಂತೆ: "ಯಮನೂರಣ್ಣ, ಗ್ವಾಡಿ ಬುಡಕ ಗಾಜು ಚೆಲ್ಲ್ಯಾವ, ಈ ಕಡೆ ಸರದು ಬಾ." ಎಷ್ಟು ದಿನದ ಮೇಲೆ ಒಬ್ಬರು ಹಾದಿ ಹೇಳಿದರಲ್ಲ ಅಂತ ಈ ಮನುಷ್ಯನಿಗೆ ಖುಷಿ. "ಛಲೋ ಆತು ತಮ್ಮಾ, ನಿನ್ನ ದನಿ ಕೇಳಿ ಜೀವ ತಂಪಾತು" ಅಂದು ಸರಿದಿದ್ದಾರೆ. ಹೆಗಲ ಮೇಲಿನ ಗಂಟನ್ನು ಯಾರೋ ಎಳೆದರು, ಕಾಲ ಕೆಳಗೆ ನೆಲ ಇರಲಿಲ್ಲ.

ಹಗೇವಿನೊಳಗಿಂದ ಅವರು ಕೂಗಿದರು. ನನ್ನ ಒಲೆಯ ತನಕ ಕೇಳಿತು. "ಬಿದ್ದೀನಿ, ನಾ ಯಮನೂರಪ್ಪ, ಹಗೇವಿನ್ಯಾಗ ಬಿದ್ದೀನಿ!" ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. "ಹೋಗಬ್ಯಾಡ ರುದ್ರವ್ವ, ಹಿಂಗ ಕರದು ಸುಲೀತಾರ" ಅಂತ ಮೌಲಾಬಿ ಅಗುಳಿಯ ಹಿಂದಿನಿಂದ ಅಂದಳು. ಅವಳು ನಿಜ ಹೇಳಿದಳೋ, ಇಲ್ಲ ಅದು ಮೌಲಾಬಿಯೇ ಹೌದೋ, ಯೋಚಿಸಲು ನಿಲ್ಲಲಿಲ್ಲ. "ಯಾರರ ಹಾದಿ ಹೇಳ್ರೋ, ನಾ ರುದ್ರವ್ವ, ಯಾವ ಕಡೆ ಹೋಗಲಿ, ದನಿ ಕೊಡ್ರೋ!" ಅಂತ ಕಿರುಚಿದೆ. ಎರಡೂ ಕಡೆ ಉಸಿರಾಟ ಕೇಳುತ್ತಿತ್ತು. ದಂಡಕ್ಕೆ ಹೆದರಿ ಸುಳ್ಳು ಹೆಸರು ಕೂಗುತ್ತಿದ್ದವರೂ ಆಗ ಬಾಯಿ ಮುಚ್ಚಿಕೊಂಡರು. ಹುಟ್ಟಿದಾಗಿನಿಂದ ಓಡಾಡಿದ ಓಣಿ ನನಗೆ ಗುರುತು ಸಿಗಲಿಲ್ಲ. ಕಟ್ಟೆಗೆ ಬಡಿದುಕೊಂಡೆ, ಚರಂಡಿಗೆ ಬಿದ್ದೆ, ಗೋಡೆಗೆ ಹಣೆ ಹೊಡೆದುಕೊಂಡೆ, ಅವರ ದನಿಯ ಕಡೆ ಹೋಗುತ್ತಿದ್ದೇನೆ ಅಂದುಕೊಂಡು ದೂರ ಹೋಗುತ್ತಿದ್ದೆ.

ಬೆಳಕು ಬಂದಾಗ ನೋಡುತ್ತೇನೆ, ಹಗೇವಿನ ಸುತ್ತ ಜನ ಇದ್ದರು. ಆಗ ಬಂದವರಲ್ಲ, ಕತ್ತಲು ಬಿದ್ದಾಗಿನಿಂದ ಅಲ್ಲೇ ಇದ್ದವರು. ಒಬ್ಬ ಪೊಲೀಸ್ ಬೋರ್ಡಿಗೆ ಒರಗಿ ನಿಂತಿದ್ದ. ಹುಚ್ಚೀರಪ್ಪ ತನ್ನ ಹೊಸ್ತಿಲ ಮೇಲೆ ಕೂತಿದ್ದ, ಕೈ ಚಾಚಿದರೆ ಹಗೇವಿನ ಅಂಚು ಸಿಗುತ್ತಿತ್ತು. ಬೆಳಕು ಬಂದದ್ದೇ ಎಲ್ಲರೂ ಎದ್ದು ಬಿದ್ದು ಹಗೇವಿನ ಬಾಯಿಗೆ ಬಗ್ಗಿದರು. ಹುಚ್ಚೀರಪ್ಪನೇ ಹಗ್ಗ ಕಟ್ಟಿಕೊಂಡು ಒಳಗೆ ಇಳಿದ, ಅಳುತ್ತಾ ಅವರನ್ನು ಹೊತ್ತು ತಂದ. "ನೀನ ಅಂತ ಗೊತ್ತಾಗಲಿಲ್ಲೋ ಅಣ್ಣಾ. ಮೊನ್ನೆ ನಿನ್ನ ದನೀಲೆ ಯಾರೋ ಕರದಿದ್ರು, ಎದ್ದು ಹೋದೆ, ತಲಿ ಒಡದ್ರು" ಅಂದು ತಲೆಯ ಗಾಯ ತೋರಿಸಿದ. ತಿಪ್ಪವ್ವ ಅರಿಶಿನ ಅರೆದು ತಂದಳು. ಯಾರದೋ ಮನೆಯ ಮಂಚ ತಂದು ಹೊತ್ತುಕೊಂಡು ಬಂದರು. ಇಷ್ಟು ಒಳ್ಳೆಯ ಜನ. ಅವರ ಮೇಲೆ ಸಿಟ್ಟು ಮಾಡಲೂ ಆಗದೆ ನಾನು ಮಂಚದ ಹಿಂದೆ ನಡೆದೆ.

ಬಲಗೈಯ ಮಣಿಕಟ್ಟು ಮುರಿದಿತ್ತು. ಹೊಲಿಗೆಯವನ ಬಲಗೈ ಅಂದಮೇಲೆ ಇನ್ನು ಹೇಳುವುದೇನಿದೆ. ಕಾಲೂ ಬಾತಿತ್ತು. ಮೂಳೆ ಕಟ್ಟುವವನು ಬಂದು ಪಟ್ಟಿ ಕಟ್ಟಿ ಹೋದ. ಜನ ಹೋದಮೇಲೆ ಕೇಳಿದೆ, "ಯಾರ ದನಿರೀ ಅದು?" "ಗೊತ್ತಿದ್ದ ದನಿ" ಅಂದರು. "ಹೆಸರ ಹೇಳ್ರಿ, ಜುಟ್ಟು ಹಿಡದು ಎಳಕೊಂಡು ಬರತೀನಿ." ಅವರು ಗೋಡೆಯ ಕಡೆ ತಿರುಗಿದರು. "ಹೌದೋ ಅಲ್ಲೋ ಯಾರು ಕಂಡಾರ? ದನಿ ಕದ್ದಿದ್ದರ? ಹೆಸರ ಹೇಳಿದ ಕೂಡಲೆ ಆ ಮನಿಯವರು ಕಳ್ಳರಾಗತಾರ. ಹುಚ್ಚೀರಪ್ಪಗ ಮಾಡಿದ್ದು ಸಾಲದೇನ?" ಅಂದರು. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಯಾವ ಮಾತೂ ಹೆಚ್ಚಾಗಿ ಎತ್ತಲಿಲ್ಲ. ಕತ್ತಲಲ್ಲೂ ನಗುತ್ತಾ ಬರುತ್ತಿದ್ದ ಮನುಷ್ಯ, ಮಧ್ಯಾಹ್ನ ಹತ್ತಿರ ಬಂದರೆ ಬಾಗಿಲಿಗೆ ಅಗುಳಿ ಹಾಕಿದ್ದೀಯಾ ಅಂತ ಕೇಳುತ್ತಿದ್ದರು.

ನಾನು ಮಾತ್ರ ಮನೆಯೊಳಗೆ ದನಿ ಕೊಡುತ್ತಿದ್ದೆ. ಓಣಿ ಹಾಳಾಗಿ ಹೋಗಲಿ, ನಾಲ್ಕು ಗೋಡೆಯ ಒಳಗಾದರೂ ರೀತಿ ಇರಲಿ ಅನ್ನುವ ಹಠ ನನ್ನದು. "ನಾ ರುದ್ರವ್ವ, ಒಲಿ ಮುಂದ ಅದೀನಿ. ನೀವೆಲ್ಲದೀರಿ?" ಮೊದಮೊದಲು "ಹೂಂ" ಅನ್ನುತ್ತಿದ್ದರು. ಆಮೇಲೆ ಅದೂ ನಿಂತಿತು. ಒಂದು ದಿನ ಕತ್ತಲಲ್ಲಿ ರೊಟ್ಟಿ ಪಲ್ಯ ತಾಟಿಗೆ ಹಾಕಿಕೊಂಡು ಮಂಚದ ಕಡೆ ಹೋದೆ. "ಬಂದೆ ನೋಡ್ರಿ, ರುದ್ರವ್ವ, ರೊಟ್ಟಿ ತಂದೀನಿ" ಅಂತ ಹೇಳುತ್ತಲೇ ಹೋದೆ. ಮಂಚ ಮುಟ್ಟಿದರೆ ಖಾಲಿ ಇತ್ತು. ನನ್ನ ಪಕ್ಕದಲ್ಲೇ ಉಸಿರು ಕೇಳಿತು. ಎಡಗೈಯಿಂದ ನನ್ನ ಮುಂಗೈಯನ್ನು ಹಿಡಿದರು. ತಾಟು ಬಿತ್ತು.

"ಯಾರು?" ಅಂದರು.

"ನಾನ್ರೀ."

"ನಾನು ಅಂತ ಎಲ್ಲಾರೂ ಅಂತಾರ."

"ರುದ್ರವ್ವ. ನಿಮ್ಮ ಹೇಣತಿ. ದನಿ ಗುರುತು ಹತ್ತವಲ್ದೇನ್ರೀ?"

"ದನಿ ಗುರುತು ಹತ್ತಿದ್ದಕ್ಕ ಬಿದ್ದೀನಿ."

ನಮಗಿಬ್ಬರಿಗೇ ಗೊತ್ತಿರುವುದು ಏನಾದರೂ ಹೇಳೋಣ ಅಂತ ತಡಕಾಡಿದೆ. ಅವರ ಅವ್ವ ಅವರನ್ನು ಗುಬ್ಬಿ ಅಂತ ಕರೆಯುತ್ತಿದ್ದಳು ಅಂದೆ. ಊರಿಗೆಲ್ಲ ಗೊತ್ತು ಅಂದರು. ಹುಟ್ಟಿದ ದಿನವೇ ಹೋದ ನಮ್ಮ ಕೂಸಿನ ಮಾತು ಹೇಳಿದೆ. ಅದೂ ಊರಿಗೆ ಗೊತ್ತು ಅಂದರು, ಅವತ್ತು ಊರೇ ಬಂದು ಅತ್ತಿತ್ತಲ್ಲ. ನಿಜವೇ, ನಮ್ಮ ಊರಿನಲ್ಲಿ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ್ದು ಯಾವತ್ತೂ ಇರಲಿಲ್ಲ. ನಾನು ಅಳಲು ಶುರು ಮಾಡಿದೆ. ಹಿಡಿತ ಸಡಿಲಾಗಲಿಲ್ಲ. ಹಾಗೆಯೇ ನಿಂತಿದ್ದೆವು.

ಬೆಳಕು ಬಂತು. ಅವರು ನನ್ನ ಮುಖ ನೋಡಿದರು, ಮುಂಗೈಯ ಮೇಲೆ ಮೂಡಿದ ತಮ್ಮ ಬೆರಳುಗಳ ಗುರುತು ನೋಡಿದರು, ಕೈ ಬಿಟ್ಟರು. ಕುಂಟುತ್ತಾ ಬಗ್ಗಿ ನೆಲದ ಮೇಲೆ ಬಿದ್ದ ರೊಟ್ಟಿಯನ್ನು ಎಡಗೈಯಿಂದ ಎತ್ತಿ, ಮಣ್ಣು ಒರೆಸಿ, ತಾಟಿಗೆ ಮೆತ್ತಿಕೊಂಡಿದ್ದ ಪಲ್ಯ ಹಚ್ಚಿಕೊಂಡು ಮಂಚದ ಮೇಲೆ ಕೂತು ತಿಂದರು. "ಪಲ್ಯಾಕ ಉಪ್ಪು ಕಡಿಮಿ ಆಗೇತಿ" ಅಂದರು. ನಾನು ಉಪ್ಪು ತಂದುಕೊಟ್ಟೆ.

ಮರುದಿನ ಕತ್ತಲು ಬೀಳುವ ಮೊದಲೇ ಅವರ ತಾಟನ್ನು ಮಂಚದ ಪಕ್ಕ ಇಟ್ಟೆ. ಕತ್ತಲಾಯಿತು. ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ. ಹೆಸರು ಹೇಳಲು ಬಾಯಿ ತೆರೆದೆ, ಮುಂಗೈಯ ಮೇಲಿನ ಗುರುತು ನೆನಪಾಗಿ ಮುಚ್ಚಿದೆ. ಅವರು ತಾಟಿಗೆ ಕೈ ಹಾಕಿದ ಸದ್ದು ಬರಲಿಲ್ಲ. ನಾನು ಎಲ್ಲಿದ್ದೇನೆ ಅಂತ ತಿಳಿಯುವ ತನಕ ಅವರು ಉಣ್ಣುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ನಾನು ದನಿ ಕೊಡಲಿಲ್ಲ.